ಮನೆಗೆ ಮರಳಿದ ಮೇಲಿನ ಚಿಕಿತ್ಸೆ

ರೋಗಿಯು ಆಸ್ಪತ್ರೆಯಿಂದ ಮನೆಗೆ ಬಂದನೆಂದರೆ ರೋಗವು ತೀರಿತೆಂದೇ ನಾವು ಭಾವಿಸುತ್ತೇವೆ. ನೆಂಟರಿಷ್ಟರು ಹಣ್ಣುಹಂಪಲು ತಂದು ನೋಡಿಕೊಂಡು ಹೋಗುತ್ತಾರೆ. ಹೊತ್ತ ಹರಕೆಯೂ ಸಲ್ಲುತ್ತದೆ. ಆದರೆ ಪಾರ್ಶ್ವವಾಯುವಿನಂಥ ಬೇನೆಯಲ್ಲಿ ಚಿಕಿತ್ಸೆಯ ದೀರ್ಘವಾದ ಭಾಗವು ಮೊದಲಾಗುವುದೇ ಅಲ್ಲಿಂದ ಮುಂದೆ. ನಮ್ಮ ಶಾಲೆಯ ನಿವೃತ್ತ ಮಾಸ್ತರರೊಬ್ಬರ ಬಲಗೈ ಬಲಗಾಲುಗಳು ಸ್ವಾಧೀನ ತಪ್ಪಿದಾಗ ನಾವು ಇದನ್ನು ಸಮೀಪದಿಂದ ಕಂಡೆವು. ಆ ವರ್ಷ ಪಿಂಚಣಿಯ ಕಾಗದಕ್ಕೆ ಅವರು ಹೆಬ್ಬೆಟ್ಟು ಒತ್ತಬೇಕಾಯಿತು. ಎಷ್ಟೋ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದವರಿಗೆ ಅದೆಷ್ಟು ನೋವಾಗಿದ್ದೀತೆಂಬುದನ್ನು ವಾಚಕರೇ ಊಹಿಸಬಲ್ಲರು.

ಮಿದುಳಿನ ಎಡಭಾಗವು ದೇಹದ ಬಲಭಾಗವನ್ನು ಆಳುತ್ತದೆ. ಅಲ್ಲಿಯ ರಕ್ತನಾಳವು ಕಟ್ಟಿದರೆ ಅಥವಾ ಒಡೆದರೆ ಆ ಎಡೆಯ ಜೀವಕೋಶಗಳು ಸಾಯುತ್ತವೆ. ಸತ್ತವು ಮರಳಿ ಬರುವುದಿಲ್ಲ. ಹಾಗಿದ್ದರೂ ಬಿದ್ದ ಕೈ ಮತ್ತೆ ಏಳುವುದುಂಟು. ಉಳಿದ ಕೋಶಗಳು ತಮ್ಮೊಳಗೆ ಹೊಸ ಸಂಬಂಧಗಳನ್ನು ಬೆಳೆಸಿಕೊಂಡು ಆ ಕೆಲಸವನ್ನು ಕಲಿಯುವುದೇ ಇದಕ್ಕೆ ಕಾರಣ. ನೀವು ಮಗ್ಗಿಯನ್ನು ಕಲಿತಂತೆಯೇ ಅದೂ ಮತ್ತೆ ಮತ್ತೆ ಮಾಡಿ ಕಲಿಯಬೇಕಾದುದು. ಮೊದಲ ಮೂರು ತಿಂಗಳಲ್ಲಿ ಚೇತರಿಕೆಯು ವೇಗವಾಗಿರುತ್ತದೆ, ಆಮೇಲೆ ನಿಧಾನ.

ಈ ಕಲಿಕೆಗೆ ದಾರಿ ತೋರಿಸುವುದು ಹೊರರೋಗಿಗಳ ಪುನಶ್ಚೇತನ ವಿಭಾಗದ ಕಾರ್ಯ. ನಮ್ಮ ಮುಂಬಯಿಯಲ್ಲಿ ಹಾಜಿ ಅಲಿಯ ಬಳಿ ಇದಕ್ಕೆಂದೇ ಅಖಿಲ ಭಾರತ ಮಟ್ಟದ ಸರಕಾರಿ ಸಂಸ್ಥೆಯೊಂದು 1955ರಲ್ಲಿ ಸ್ಥಾಪಿತವಾಯಿತು. ಇಂಥ ಕಡೆಗಳಲ್ಲಿ ಫಿಸಿಯೋಥೆರಪಿಯವರು ನಿಲ್ಲುವುದನ್ನೂ ನಡೆಯುವುದನ್ನೂ ಕಲಿಸಿದರೆ, ಆಕ್ಯುಪೇಷನಲ್ ಥೆರಪಿಯವರು ಗುಂಡಿ ಹಾಕುವುದು, ಅನ್ನ ಕಲಸುವುದು ಮೊದಲಾದ ನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುತ್ತಾರೆ. ಮಾತು ಹೋದವರಿಗೆ ಮಾತಿನ ಚಿಕಿತ್ಸೆಯೂ ಉಂಟು.

ನಮ್ಮ ಮಾಸ್ತರರು ವಾರಕ್ಕೆ ಮೂರು ದಿನ, ದಿನಕ್ಕೊಂದು ಗಂಟೆಯಂತೆ ನಗರದ ಒಂದು ಚಿಕಿತ್ಸಾಲಯಕ್ಕೆ ಹೋಗುತ್ತಿದ್ದರು. ರೈಲು ನಿಲ್ದಾಣದ ಸೇತುವೆಯನ್ನು ಹತ್ತಿಳಿಯುವುದೇ ಅರ್ಧ ವ್ಯಾಯಾಮವೆಂದು ತಾವೇ ನಗುತ್ತಿದ್ದರು. ಆದರೆ ವಾರಕ್ಕೆ 168 ಗಂಟೆಗಳಷ್ಟೆ. ಮೂರನ್ನು ಕಳೆದರೆ ಉಳಿದುದೆಲ್ಲವೂ ಮನೆಯಲ್ಲಿ. ಮನೆಯಲ್ಲಿಯಾದರೋ ಶ್ರೀಮತಿಯವರು ತುತ್ತಿಡುವರು, ಮಗನು ಅಂಗಿ ತೊಡಿಸುವನು. ಎರಡು ತಿಂಗಳಾದರೂ ಬಲಗೈ ಮೇಲೇಳದಿರಲು ಚಿಕಿತ್ಸಕಿಯು ಇದನ್ನೆಲ್ಲ ವಿಚಾರಿಸಿ, ಇನ್ನು ತುತ್ತಿಡಕೂಡದೆಂದು ಹೇಳಿಬಿಟ್ಟಳು. ಆ ತಾಯಿಗೆ ಇದು ಕ್ರೌರ್ಯವೆಂದೇ ತೋರಿತು.

ಅದು ಕ್ರೌರ್ಯವಲ್ಲ. ಬಳಸದ ಕೈಯನ್ನು ಮಿದುಳು ಮರೆಯುತ್ತಾ ಹೋಗುತ್ತದೆಂದು ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟಾಬ್ ತೋರಿಸಿಕೊಟ್ಟರು. ಆ ತತ್ತ್ವದ ಮೇಲೆ ಅಲ್ಲಿ 222 ರೋಗಿಗಳಲ್ಲಿ ನಡೆದ ಪರೀಕ್ಷೆಯೊಂದರ ಫಲವು 2006ರಲ್ಲಿ ಪ್ರಕಟವಾಯಿತು. ಕೆಲವರ ಒಳ್ಳೆಯ ಕೈಗೆ ಎರಡು ವಾರ ಗವಸು ತೊಡಿಸಿ, ದುರ್ಬಲವಾದ ಕೈಯಿಂದಲೇ ಕೆಲಸಗಳನ್ನು ಮಾಡಿಸಿದರು. ಉಳಿದವರಿಗಿಂತ ಇವರ ಕೈ ಹೆಚ್ಚು ಸುಧಾರಿಸಿತು. ಒಂದು ವರ್ಷದ ಮೇಲೂ ಆ ಸುಧಾರಣೆ ಉಳಿದಿತ್ತು. ಬೆರಳು ಮಣಿಕಟ್ಟುಗಳಲ್ಲಿ ತುಸುವಾದರೂ ಚಲನೆ ಉಳಿದವರಿಗೆ ಮಾತ್ರ ಈ ಕ್ರಮವು ಸಲ್ಲುತ್ತದೆ. ತಿಳಿದವರನ್ನು ಕೇಳದೆ ಮಾಡತಕ್ಕುದಲ್ಲ. ಇನ್ನೊಂದು ಮಾತು: ರೋಗಿಯನ್ನು ಎಬ್ಬಿಸುವಾಗ ಸೋತ ಕೈಯನ್ನು ಹಿಡಿದೆಳೆಯಬಾರದು, ಭುಜದ ಕೀಲು ಜಾರೀತು. ಮಕ್ಕಳು ಅಜ್ಜನಿಗೆ ನೆರವಾಗುವ ಉತ್ಸಾಹದಲ್ಲಿ ಮಾಡುವ ತಪ್ಪು ಇದೇ.

ಅಂದಿನಿಂದ ಮಾಸ್ತರರ ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯತೊಡಗಿತು. ಅನ್ನವು ನೆಲಕ್ಕೂ ಪಂಚೆಗೂ ಚೆಲ್ಲುತ್ತಿತ್ತು; ಶ್ರೀಮತಿಯವರು ನೋಡಲಾರದೆ ಅಡಿಗೆಮನೆಗೆ ಹೋಗಿಬಿಡುತ್ತಿದ್ದರು. ಮುಂದಿನ ನವೆಂಬರಿನಲ್ಲಿ ಪಿಂಚಣಿಯ ಕಾಗದಕ್ಕೆ ಮಾಸ್ತರರು ಸ್ವಂತ ಕೈಯಿಂದ ರುಜು ಹಾಕಿದರು. ಅದು ಹಳೆಯ ರುಜುವಿಗೆ ಹೋಲದಿದ್ದುದರಿಂದ ಬ್ಯಾಂಕಿನವರು ಹೊಸ ಮಾದರಿಯನ್ನು ಬರೆಯಿಸಿಕೊಂಡರು.