ಮಳೆನೀರುಂಡ ಪ್ಲೈವುಡ್ಡಿಗೆ ಮದ್ದು

ಮುಂಬಯಿಯ ಮಳೆಗಾಲ ಕಳೆಯಿತೆಂದರೆ ಉಪಾಹಾರದ ಬಂಡಿಗಳನ್ನಿಟ್ಟುಕೊಂಡಿರುವ ನಮ್ಮ ಬಾಂಧವರಿಗೆ ಹೊಸದೊಂದು ಚಿಂತೆ ತಲೆದೋರುವುದು. ಒಲೆಯಿಡುವ ಹಲಗೆ ಉಬ್ಬಿರುತ್ತದೆ. ಮೂಲೆಯೊಂದು ಕೈಯಿಟ್ಟರೆ ಅಲುಗುತ್ತದೆ. ಮೇಲೊಂದು ಸನ್‌ಮೈಕಾ ಹಾಳೆಯನ್ನಂಟಿಸಿ ಮುಚ್ಚಿಬಿಡುವುದು ಅಗ್ಗವೆಂದು ತೋರಬಹುದು. ಆದರೆ ಕುದಿಯುವ ಎಣ್ಣೆಯ ಬಾಣಲೆಯ ಭಾರವನ್ನು ಹೊರುವುದು ಆ ಹಲಗೆಯೇ ಎಂಬುದನ್ನೂ, ಅದರ ಮುಂದೆ ನಿಂತು ದುಡಿಯುವ ಕೆಲಸಗಾರನನ್ನೂ ಮರೆಯಲಾಗದು.

ಮರದ ತೆಳುಪದರಗಳನ್ನು, ಎಳೆಗಳು ಒಂದಕ್ಕೊಂದು ಅಡ್ಡವಾಗುವಂತೆ ಅಂಟಿನಿಂದ ಬೆಸೆದುದೇ ಪ್ಲೈವುಡ್. ಅದರೊಳಕ್ಕೆ ನೀರು ನುಗ್ಗುವುದು ಬಹುಮಟ್ಟಿಗೆ ಅಂಚಿನಿಂದ, ಮೊಳೆಯ ತೂತಿನಿಂದ. ಆದುದರಿಂದ ಮೊದಲು ನೀರು ಬರುವ ದಾರಿಯನ್ನು ಕಂಡು ಮುಚ್ಚಬೇಕು. ಬಳಿಕ ಹಲಗೆಯನ್ನು ಪೂರ್ತಿ ಒಣಗಿಸಬೇಕು. ಸ್ಕ್ರೂಡ್ರೈವರಿನ ಮೊನೆಯಿಂದ ಚುಚ್ಚಿದಾಗ ಮರ ಗಟ್ಟಿಯಾಗಿದ್ದು ಪದರ ಮಾತ್ರ ಬಿಟ್ಟಿದ್ದರೆ, ನಡುವೆ ಎಪಾಕ್ಸಿ ಅಂಟನ್ನು ತುಂಬಿ, ಕ್ಲ್ಯಾಂಪು ಬಿಗಿದು ಒಂದು ದಿನ ಬಿಡಬಹುದು. ಮೊನೆ ಮೆತ್ತಗೆ ಇಳಿದರೆ ಕೊಳೆತಿದೆಯೆಂದೇ ಅರ್ಥ. ಗಟ್ಟಿ ಮರ ಸಿಗುವ ತನಕ ಕತ್ತರಿಸಿ ಹೊಸ ತುಂಡನ್ನು ಕೂಡಿಸದೆ ಗತಿಯಿಲ್ಲ. ಹೊಸತನ್ನು ಕೊಳ್ಳುವಾಗ ಐ.ಎಸ್. 710 ಎಂಬ ಮುದ್ರೆಯನ್ನು ನೋಡಿಕೊಳ್ಳಿ. ಆ ಜಾತಿಯ ಅಂಟನ್ನು 72 ಗಂಟೆ ಕುದಿನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ.

ಮೂಲೆ ಸಡಿಲವಾಗಿದ್ದರೆ ಹಳೆಯ ತೂತಿಗೇ ದಪ್ಪ ಸ್ಕ್ರೂ ತಿರುಗಿಸುವುದು ಸಲ್ಲದು. ತುಕ್ಕು ಹಿಡಿಯದ ಸ್ಟೀಲಿನ ಆ್ಯಂಗಲ್ ಪಟ್ಟಿಯನ್ನಿಟ್ಟು, ಬೋಲ್ಟು ನಟ್ಟುಗಳಿಂದ ಹಲಗೆಯನ್ನು ಹಾಯ್ದು ಬಿಗಿಯಬೇಕು. ಕೊನೆಗೆ ಎಲ್ಲ ಅಂಚುಗಳಿಗೂ ತೂತುಗಳಿಗೂ ಎಪಾಕ್ಸಿಯನ್ನು ಬಳಿಯತಕ್ಕದ್ದು.

ಎರಡು ದಿನ ವ್ಯಾಪಾರ ನಿಂತರೆ ಆ ನಷ್ಟವನ್ನು ತುಂಬಿಕೊಳ್ಳಬಹುದು. ಎಣ್ಣೆಯಲ್ಲಿ ಬೆಂದ ಕೈಯನ್ನು ತುಂಬಿಕೊಡುವವರಾರು?