ಅಜ್ಜಿಯ ಕೋಣೆಯ ಕಿಟಕಿ ತೆರೆಯಲಿ

ಬೆಥಾನಿಯದ ಒಂದೇ ಕುಟುಂಬದ ಎರಡು ಪ್ರಸಂಗಗಳನ್ನು ಸಂತ ಯೊವಾನ್ನರ ಶುಭಸಂದೇಶವು ಒಂದರ ಬೆನ್ನಿಗೊಂದು ನಿರೂಪಿಸುತ್ತದೆ. ಹನ್ನೊಂದನೆಯ ಅಧ್ಯಾಯದಲ್ಲಿ, ಲಾಜರನ ಸಮಾಧಿಯ ಕಲ್ಲನ್ನು ಸರಿಸಿರೆಂದು ಯೇಸುಸ್ವಾಮಿ ಹೇಳಿದಾಗ, ದೇಹವು ದುರ್ನಾತ ಹೊಡೆಯುವುದೆಂದು ಸಹೋದರಿ ಮಾರ್ತಳು ಹಿಂಜರಿಯುತ್ತಾಳೆ. ಹನ್ನೆರಡನೆಯ ಅಧ್ಯಾಯದಲ್ಲಿ ಅವಳ ತಂಗಿ ಮರಿಯಳು ಜಟಾಮಾಂಸಿಯ ತೈಲವನ್ನು ಸ್ವಾಮಿಯ ಪಾದಗಳಿಗೆ ಹಚ್ಚುತ್ತಾಳೆ. ಅದರ ಸುಗಂಧವು ಮನೆಯನ್ನೆಲ್ಲ ವ್ಯಾಪಿಸುತ್ತದೆ. ತೈಲ ಬಂದದ್ದು ಆಮೇಲೆ; ಮೊದಲು ಕಲ್ಲನ್ನು ಸರಿಸಲಾಯಿತು. ನಮ್ಮ ಮನೆಗಳಲ್ಲಿ ಈ ಕ್ರಮವು ಅನೇಕ ವೇಳೆ ತಲೆಕೆಳಗಾಗಿರುತ್ತದೆ.

ಬೇಸಿಗೆಯ ಒಂದು ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ನೀಡಲು ಹೊರಟ ಗುರುಗಳೊಂದಿಗೆ ನಾವು ಮಾನ್ವಿ ತಾಲ್ಲೂಕಿನ ಒಂದು ಮನೆಗೆ ಹೋಗಿದ್ದೆವು. ಬಾಗಿಲಲ್ಲಿಯೇ ಊದುಬತ್ತಿಯ ಹೊಗೆ ದಟ್ಟವಾಗಿತ್ತು. ಒಳಕೋಣೆಯ ಹೊಸ್ತಿಲಲ್ಲಿ ಮೊಮ್ಮಗನು ಅಂಗಿಯ ತುದಿಯಿಂದ ಮೂಗು ಮುಚ್ಚಿಕೊಂಡು ನಿಂತಿದ್ದನು. ಹಾಸಿಗೆ ಹಿಡಿದ ಅಜ್ಜಿ ಕೈಯಾಡಿಸಿ, “ಬ್ಯಾಡ್ರಿ ಫಾದರ್, ಒಳಗ ವಾಸನಿ ಅದ. ಅಲ್ಲೇ ನಿಂತು ಕೊಟ್ಟುಬಿಡ್ರಿ” ಎಂದರು. ಆ ಮಾತಿನಲ್ಲಿದ್ದ ನಾಚಿಕೆಯನ್ನು ನಾವು ಇಂದಿಗೂ ಮರೆತಿಲ್ಲ. ತನ್ನ ಮನೆಯಲ್ಲಿಯೇ ತಾನು ಹೊರಗಿನವಳಾದೆನೆಂದು ಆ ತಾಯಿ ಬಗೆದಿದ್ದರು.

ಸೊಸೆ ಸೋಮಾರಿಯಾಗಿರಲಿಲ್ಲ, ದಿನಕ್ಕೆ ಎರಡು ಸಲ ನೆಲ ಒರೆಸುತ್ತಿದ್ದರು. ಆದರೆ ಮನುಷ್ಯನ ಮೂಗು ನಿತ್ಯದ ವಾಸನೆಗೆ ಬಹುಬೇಗ ಒಗ್ಗಿಹೋಗುತ್ತದೆ. ಹೊರಗಿನಿಂದ ಬಂದವರಿಗೆ ಹೊಸ್ತಿಲಲ್ಲಿಯೇ ತಿಳಿಯುವುದು ಮನೆಯವರಿಗೆ ತಿಳಿಯುವುದಿಲ್ಲ. ಆದುದರಿಂದ ಹೊರಗೆ ಹೋಗಿ ಮನೆಗೆ ಹಿಂದಿರುಗಿದ ಮೊದಲ ಕ್ಷಣದಲ್ಲಿ ಮೂಗು ಹೇಳುವುದನ್ನು ಕೇಳಬೇಕು. ವಾಸನೆಯ ಮೂಲವನ್ನು ಹುಡುಕಲು ಅದೇ ತಕ್ಕ ಸಮಯ.

ಮೊದಲನೆಯದು ಗಾಳಿ. ನಮ್ಮ ಭಾಗದ ಹಳೆಯ ಕಲ್ಲುಮನೆಗಳಲ್ಲಿ ಕಿಟಕಿಗಳು ಕಡಿಮೆ. ಆದರೆ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು. ಬಿಸಿಗಾಳಿಯು ಮೇಲೇರುವುದರಿಂದ ಒಲೆಯ ಹೊಗೆಯೂ ಕೋಣೆಯ ಕಮಟು ವಾಸನೆಯೂ ಅದರ ಮೂಲಕ ಹೊರಬೀಳುತ್ತಿದ್ದವು. ಸಿಮೆಂಟಿನ ಛಾವಣಿ ಬಂದ ಮನೆಗಳಲ್ಲಿ ಬೆಳಕಿಂಡಿ ಮರೆಯಾಯಿತು. 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಹಗಲು ಕಿಟಕಿ ಮುಚ್ಚುವುದು ಸರಿಯೇ. ಆದರೆ ನಸುಕಿನಲ್ಲಿಯೂ ರಾತ್ರಿ ತಂಪಾದ ಮೇಲೂ ಎದುರುಬದುರಾಗಿರುವ ಬಾಗಿಲು ಕಿಟಕಿಗಳನ್ನು ಅರ್ಧ ಗಂಟೆಯಾದರೂ ತೆರೆದಿಡತಕ್ಕದ್ದು. ದಾದಿಯರ ಶುಶ್ರೂಷೆಗೆ ಹೊಸ ದಾರಿ ತೋರಿದ ಫ್ಲಾರೆನ್ಸ್ ನೈಟಿಂಗೇಲ್ ಅವರು 1859ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ರೋಗಿಯ ಕೋಣೆಗೆ ಶುದ್ಧ ಗಾಳಿಯನ್ನೇ ಮೊದಲ ಮದ್ದೆಂದು ಸಾರಿದರು. ಧೂಪ ಹಾಕಿ ನಾತವನ್ನು ಅಡಗಿಸುವುದನ್ನು ಅವರು ಒಪ್ಪಲಿಲ್ಲ.

ಎರಡನೆಯದು ಹಾಸಿಗೆ. ಆಗತಾನೆ ಹೊರಬಂದ ಮೂತ್ರಕ್ಕೆ ಅಷ್ಟು ಕಟುವಾಸನೆಯಿಲ್ಲ. ಅದರಲ್ಲಿರುವ ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ; ಮೂಗಿಗೆ ರಾಚುವುದು ಅದೇ. ಆದ್ದರಿಂದ ಒದ್ದೆ ಬಟ್ಟೆಯನ್ನು ಮೂಲೆಯಲ್ಲಿ ಕೂಡಿಡದೆ ಕೂಡಲೇ ನೀರಿಗೆ ಹಾಕಬೇಕು. ಹತ್ತಿಯ ಗಾದಿಯು ಒಮ್ಮೆ ಹೀರಿಕೊಂಡರೆ ಬಿಡುವುದು ಕಷ್ಟ. ಗಾದಿಯ ಮೇಲೆ ರಬ್ಬರ್ ಶೀಟು, ಅದರ ಮೇಲೆ ಒಗೆಯಬಹುದಾದ ಹಳೆಯ ಸೀರೆಯ ಕೌದಿ ಹಾಸಿದರೆ ಸಾಕು. ಎರಡು ಕೌದಿಗಳಿದ್ದರೆ ಒಂದು ಮೈಕೆಳಗೆ, ಒಂದು ಬಿಸಿಲಿಗೆ. ನಮ್ಮೂರ ಬಿಸಿಲು ಬಿಟ್ಟಿಯಾಗಿ ದೊರೆಯುವ ಔಷಧ. ಏಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು; ಇಲ್ಲವಾದರೆ ಬೆನ್ನು, ಸೊಂಟಗಳಲ್ಲಿ ಹುಣ್ಣಾಗುತ್ತದೆ. ಹುಣ್ಣಿನಿಂದ ನಾತ ಬಂದರೆ ಪೌಡರ್ ಚಿಮುಕಿಸದೆ ವೈದ್ಯರನ್ನು ಕರೆಯಬೇಕು.

ಮೂರನೆಯದು ನೀರು. ಬಚ್ಚಲಿನ ಕೊಳವೆಯ ಬಾಗಿದ ಭಾಗದಲ್ಲಿ ನಿಲ್ಲುವ ನೀರು ಚರಂಡಿಯ ವಾಸನೆಯನ್ನು ತಡೆಯುವ ಬಾಗಿಲಿನಂತಿರುತ್ತದೆ. ಬಳಸದ ಬಚ್ಚಲಿನಲ್ಲಿ ಬೇಸಿಗೆಯ ಕಾವಿಗೆ ಅದು ಆರಿಹೋಗುತ್ತದೆ. ಕೆಲವು ದಿನಗಳಿಗೊಮ್ಮೆ ಎರಡು ತಂಬಿಗೆ ನೀರು ಸುರಿದರೆ ಆ ಬಾಗಿಲು ಮತ್ತೆ ಮುಚ್ಚುತ್ತದೆ. ಏರ್ ಕೂಲರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ, ಒಣಗಿಸಬೇಕು. ನಿಂತ ನೀರಿನಲ್ಲಿ ಪಾಚಿಯ ವಾಸನೆ ಹುಟ್ಟುವುದಲ್ಲದೆ ಡೆಂಗಿ ಹರಡುವ ಸೊಳ್ಳೆಯೂ ಬೆಳೆಯುತ್ತದೆ. ಮಳೆಗಾಲದಲ್ಲಿ ಗೋಡೆ ಬೂಸು ಹಿಡಿದರೆ ಮೊದಲು ಸೋರುವ ಜಾಗವನ್ನು ಮುಚ್ಚಿ, ಗೋಡೆ ಒಣಗಿದ ಮೇಲೆ ಸುಣ್ಣ ಬಳಿಯಬೇಕು. ಕ್ರಿಸ್ತಜಯಂತಿಗೆ ಹಿರಿಯರು ಬಳಿಯುತ್ತಿದ್ದ ಸುಣ್ಣವು ಕೇವಲ ಅಂದಕ್ಕಲ್ಲ; ಅದರ ಕ್ಷಾರಗುಣವು ಬೂಸನ್ನು ತಡೆಯುತ್ತದೆ.

ಇಲ್ಲೊಂದು ಎಚ್ಚರಿಕೆ. ಬ್ಲೀಚಿಂಗ್ ಪೌಡರನ್ನು ಆಸಿಡ್ಡಿನೊಂದಿಗಾಗಲಿ ಅಮೋನಿಯಾದೊಂದಿಗಾಗಲಿ ಎಂದಿಗೂ ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ. ನುಸಿಗುಳಿಗೆ ಇಟ್ಟ ಪೆಟ್ಟಿಗೆಯ ಬಟ್ಟೆಯನ್ನು ಒಗೆದು, ಗಾಳಿಗೆ ಹಾಕದೆ ಹಸುಗೂಸಿಗೆ ತೊಡಿಸಬಾರದು. ಕೆಲವು ಶಿಶುಗಳಲ್ಲಿ ಅದು ರಕ್ತದ ಕಣಗಳನ್ನು ಒಡೆಯುತ್ತದೆ. ಮುಚ್ಚಿದ ಕೋಣೆಯಲ್ಲಿ ಊದುಬತ್ತಿ, ಸಾಂಬ್ರಾಣಿಗಳ ಹೊಗೆಯು ಉಬ್ಬಸದವರಿಗೆ ತೊಂದರೆ ಕೊಡುತ್ತದೆ. ಉರಿಯುವ ಒಂದು ಸೊಳ್ಳೆಬತ್ತಿಯು 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಹೊರಸೂಸಬಲ್ಲದೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ದೇವಾಲಯದ ವಿಶಾಲ ಛಾವಣಿಯಡಿಯ ಧೂಪವೇ ಬೇರೆ, ರೋಗಿಯ ಮಂಚದ ಪಕ್ಕದ ಹೊಗೆಯೇ ಬೇರೆ. ಪರಿಮಳ ಬೇಕೆನಿಸಿದರೆ ಶುಚಿಯಾದ ಕೋಣೆಯಲ್ಲಿ ಒಂದು ಹಿಡಿ ಮಲ್ಲಿಗೆ, ನೀರಿನ ಮಡಕೆಯಲ್ಲಿ ತುಸು ಲಾವಂಚದ ಬೇರು ಸಾಕು.

ಮಾನ್ವಿ ತಾಲ್ಲೂಕಿನ ಆ ಮನೆಗೆ ಮುಂದಿನ ತಿಂಗಳು ಮತ್ತೆ ಹೋದೆವು. ಮಗನು ಹಳೆಯ ಗಾದಿಯನ್ನು ತೆಗೆಸಿದ್ದರು. ಕೂಲರಿಗಾಗಿ ಹಲಗೆ ಬಡಿದು ಮುಚ್ಚಿದ್ದ ಕಿಟಕಿಯು ತೆರೆದಿತ್ತು. ಅಂಗಳದ ಹಗ್ಗದ ಮೇಲೆ ಕೌದಿ ಒಣಗುತ್ತಿತ್ತು. ಊದುಬತ್ತಿ ಇರಲಿಲ್ಲ. ಮೊಮ್ಮಗನು ಮಂಚದ ಅಂಚಿನಲ್ಲಿ ಕುಳಿತು ಅಜ್ಜಿಗೆ ತನ್ನ ಶಾಲೆಯ ಪುಸ್ತಕ ತೋರಿಸುತ್ತಿದ್ದನು. “ಬರ್ರಿ ಫಾದರ್, ಒಳಗ ಬರ್ರಿ, ಕೂಡ್ರಿ” ಎಂದು ಅಜ್ಜಿ ಕರೆದರು.

ಪ್ರಿಯ ಓದುಗರೇ, ನಮ್ಮ ಮನೆಗಳಲ್ಲಿಯೂ ಯಾರಾದರೂ ಒಳಕೋಣೆಯಲ್ಲಿ ಒಬ್ಬರೇ ಮಲಗಿರಬಹುದು. ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಮರಳಿದೊಡನೆ ಮೊದಲು ಆ ಕೋಣೆಯ ಕಿಟಕಿಯನ್ನು ತೆರೆಯೋಣ. ಅನಂತರ ಅಲ್ಲಿಯೇ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ.