ಚೆಂಡು ಆಡಿಸಿದಂತೆ ಆಟಗಾರ

ನಿಂಬೆಹಣ್ಣಿನಷ್ಟು ಗಾತ್ರದ ಒಂದು ಬಿಳಿಯ ಚೆಂಡು. ಅದರ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು, ತೂಕ 45.93 ಗ್ರಾಮನ್ನು ಮೀರಬಾರದು ಎಂದು ನಿಯಮ. ಗುರುತು ಮಾಡಿದ ಸ್ಥಳದಿಂದ ಅದನ್ನು ದಾಂಡಿನಿಂದ ಹೊಡೆದು, ನೂರಾರು ಗಜ ದೂರದಲ್ಲಿರುವ ಕುಳಿಯೊಳಗೆ ಬೀಳಿಸಬೇಕು. ಹೀಗೆ ಹದಿನೆಂಟು ಕುಳಿಗಳನ್ನು ಮುಗಿಸುವಷ್ಟರಲ್ಲಿ ಯಾರ ಹೊಡೆತಗಳ ಸಂಖ್ಯೆ ಕಡಿಮೆಯೋ ಅವರು ಗೆದ್ದಂತೆ. ಗಾಲ್ಫ್ ಆಟದ ಸಾರ ಇಷ್ಟೇ.

ಇಷ್ಟು ಸರಳವಾದ ಆಟವನ್ನು ಜೀವನೋಪಾಯವಾಗಿ ಹಿಡಿದವರ ಸ್ಥಿತಿಗತಿಗಳು ಮಾತ್ರ ಕಳೆದ ನೂರೆಪ್ಪತ್ತೈದು ವರ್ಷಗಳಲ್ಲಿ ಗುರುತು ಸಿಗದಷ್ಟು ಬದಲಾಗಿವೆ. ಅಂದಿನ ವೃತ್ತಿ ಆಟಗಾರ ಶ್ರೀಮಂತರಿಗೆ ಚೆಂಡು ಹೊಲಿದುಕೊಟ್ಟು, ಅವರ ದಾಂಡುಗಳನ್ನು ರಿಪೇರಿ ಮಾಡಿ, ಹುಲ್ಲನ್ನು ನೋಡಿಕೊಂಡು ಹೊಟ್ಟೆ ಹೊರೆಯುತ್ತಿದ್ದ. ಇಂದಿನವನು ಲಕ್ಷಾಂತರ ಡಾಲರುಗಳ ಬಹುಮಾನಕ್ಕಾಗಿ ದೇಶದಿಂದ ದೇಶಕ್ಕೆ ಹಾರುತ್ತಾನೆ. ಈ ಬದಲಾವಣೆಯ ಕಾರಣಗಳನ್ನು ಹುಡುಕುತ್ತ ಹೋದರೆ, ಮತ್ತೆ ಮತ್ತೆ ನಾವು ಬಂದು ನಿಲ್ಲುವುದು ಆ ಪುಟ್ಟ ಚೆಂಡಿನ ಬಳಿಯಲ್ಲಿ.

ಗರಿಯ ಚೆಂಡು, ಮರದ ಹಾಲಿನ ಚೆಂಡು

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಸ್ಕಾಟ್ಲೆಂಡಿನಲ್ಲಿ ಗಾಲ್ಫ್ ಆಡುತ್ತಿದ್ದುದು ಗರಿಯ ಚೆಂಡಿನಿಂದ. ಚರ್ಮದ ಪುಟ್ಟ ಚೀಲವೊಂದನ್ನು ಹೊಲಿದು, ಒಂದು ಟೋಪಿಯ ತುಂಬ ಹಿಡಿಯುವಷ್ಟು ಹೆಬ್ಬಾತಿನ ಗರಿಗಳನ್ನು ಬೇಯಿಸಿ ಅದರೊಳಗೆ ಇಡುಕುತ್ತಿದ್ದರು. ಒಣಗಿದಾಗ ಚರ್ಮ ಕುಗ್ಗುತ್ತಿತ್ತು, ಗರಿ ಹಿಗ್ಗುತ್ತಿತ್ತು. ಹೀಗೆ ಚೆಂಡು ಗಟ್ಟಿಯಾಗುತ್ತಿತ್ತು. ನುರಿತ ಕೆಲಸಗಾರನಿಗೂ ದಿನಕ್ಕೆ ಮೂರು ನಾಲ್ಕು ಚೆಂಡುಗಳಿಗಿಂತ ಹೆಚ್ಚು ಮಾಡುವುದು ಕಷ್ಟವಾಗಿತ್ತು. ಮಳೆಯಲ್ಲಿ ನೆನೆದರೆ ಹೊಲಿಗೆ ಬಿಚ್ಚಿ ಚೆಂಡು ಒಡೆಯುತ್ತಿತ್ತು. ಆದುದರಿಂದ ಆಟವು ಹಣವಂತರ ಸೊತ್ತಾಗಿಯೇ ಉಳಿಯಿತು.

ಸೇಂಟ್ ಆಂಡ್ರೂಸ್ ಪಟ್ಟಣದ ಅಲನ್ ರಾಬರ್ಟ್‌ಸನ್ ಇಂತಹ ಚೆಂಡುಗಳ ಹೆಸರಾಂತ ತಯಾರಕ. ಮೊದಲ ವೃತ್ತಿ ಆಟಗಾರನೆಂದು ಎಣಿಸಲ್ಪಟ್ಟವನೂ ಆತನೇ. ಟಾಮ್ ಮಾರಿಸ್ ಆತನ ಶಿಷ್ಯ. 1848ರ ಸುಮಾರಿಗೆ ಗಟ್ಟಾಪರ್ಚಾ ಚೆಂಡು ಬಂದಿತು. ಮಲಯ ಸೀಮೆಯ ಮರವೊಂದರ ಹಾಲು ಹೆಪ್ಪುಗಟ್ಟಿ ಆಗುವ ಈ ವಸ್ತು ಬಿಸಿನೀರಿನಲ್ಲಿ ಮೆತ್ತಗಾಗಿ, ಆರಿದಾಗ ಗಟ್ಟಿಯಾಗುತ್ತದೆ. ಸಮುದ್ರದ ತಳದಲ್ಲಿ ಹಾಸಿದ ತಂತಿಗಳಿಗೆ ಹೊದಿಕೆಯಾದುದೂ ಇದೇ ವಸ್ತು. ಅದನ್ನು ಉಂಡೆಕಟ್ಟಿದರೆ ಚೆಂಡು ಸಿದ್ಧ; ಬೆಲೆಯೂ ಬಹಳ ಅಗ್ಗ. ತನ್ನ ಕಸುಬಿಗೆ ಕೊಡಲಿಯೇಟು ಬಿತ್ತೆಂದು ರಾಬರ್ಟ್‌ಸನ್ ಸಿಡಿಮಿಡಿಗೊಂಡ. ಶಿಷ್ಯನು ಹೊಸ ಚೆಂಡಿನಿಂದ ಆಡಿದನೆಂಬ ಕಾರಣಕ್ಕೆ ಗುರುಶಿಷ್ಯರ ಸಂಬಂಧವೇ ಮುರಿಯಿತು. ಮಾರಿಸ್ 1851ರಲ್ಲಿ ಪ್ರೆಸ್ಟ್‌ವಿಕ್ ಎಂಬಲ್ಲಿಗೆ ಮೈದಾನಪಾಲಕನಾಗಿ ಹೊರಟುಹೋದ. 1860ರಲ್ಲಿ ಆ ಮೈದಾನದಲ್ಲಿಯೇ ಮೊದಲ ಓಪನ್ ಪಂದ್ಯ ನಡೆಯಿತು. ಆಡಿದವರು ಎಂಟು ಜನ. ಗೆದ್ದ ವಿಲ್ಲಿ ಪಾರ್ಕನಿಗೆ ದೊರೆತುದು ಒಂದು ಚರ್ಮದ ನಡುಪಟ್ಟಿ, ಹಣವಿಲ್ಲ. 1864ರಲ್ಲಿ ಮಾರಿಸ್ ಗೆದ್ದಾಗ ಕೈಸೇರಿದುದು 6 ಪೌಂಡು. ಅದೇ ಪಂದ್ಯದ 2024ರ ವಿಜೇತನಿಗೆ 31 ಲಕ್ಷ ಡಾಲರು ಸಂದಿತೆಂದರೆ ಅಂತರವನ್ನು ಓದುಗರೇ ಊಹಿಸಿಕೊಳ್ಳಬಹುದು.

ಗಾಯಗೊಂಡ ಚೆಂಡಿನ ಗುಟ್ಟು

ಗಟ್ಟಾಪರ್ಚಾ ಚೆಂಡಿನಲ್ಲಿ ಒಂದು ವಿಚಿತ್ರ ಕಂಡುಬಂದಿತು. ನುಣ್ಣಗಿದ್ದ ಹೊಸ ಚೆಂಡು ಸ್ವಲ್ಪ ದೂರ ಹಾರಿ ತಟ್ಟನೆ ಬೀಳುತ್ತಿತ್ತು. ಪೆಟ್ಟು ತಿಂದು ಮೈಯೆಲ್ಲ ಗಾಯವಾದ ಹಳೆಯ ಚೆಂಡು ನೆಟ್ಟಗೆ ದೂರ ಸಾಗುತ್ತಿತ್ತು. ಇದನ್ನು ಕಂಡ ತಯಾರಕರು ಹೊಸ ಚೆಂಡಿಗೂ ಸುತ್ತಿಗೆಯಿಂದ ಗಾಯ ಮಾಡಿಯೇ ಮಾರತೊಡಗಿದರು. ಕಾರಣ ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಕಾರಣ ಹೀಗಿದೆ. ಹಾರುವ ಚೆಂಡಿನ ಮೈಗೆ ಗಾಳಿಯ ತೆಳುವಾದ ಪದರವೊಂದು ಅಂಟಿಕೊಂಡು ಹರಿಯುತ್ತದೆ. ಮೈ ನುಣ್ಣಗಿದ್ದರೆ ಆ ಪದರವು ಬೇಗನೆ ಕಿತ್ತುಕೊಂಡು, ಚೆಂಡಿನ ಬೆನ್ನಹಿಂದೆ ಸುಳಿಗಾಳಿಯ ಅಗಲವಾದ ಬಾಲ ಉಂಟಾಗುತ್ತದೆ. ಅಲ್ಲಿ ಒತ್ತಡ ಕಡಿಮೆ. ಆದುದರಿಂದ ಚೆಂಡನ್ನು ಯಾರೋ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಮೈಮೇಲೆ ಗುಳಿಗಳಿದ್ದರೆ ಆ ಪದರ ಕಲಕಿ, ಹೊರಗಿನ ವೇಗದ ಗಾಳಿಯೊಂದಿಗೆ ಬೆರೆತು ಚುರುಕಾಗುತ್ತದೆ. ಚೆಂಡಿನ ಬೆನ್ನಿನವರೆಗೂ ಅಂಟಿಕೊಂಡೇ ಸಾಗುತ್ತದೆ. ಬಾಲ ಕಿರಿದಾಗುತ್ತದೆ, ತಡೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು ಗುಟ್ಟನ್ನು ಬಿಡಿಸಿದವನು ಎಡಿನ್‌ಬರೋ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಪಿ. ಜಿ. ಟೇಟ್. ಬರಿಯ ಗುರುತ್ವಕ್ಕೆ ಒಳಪಟ್ಟ ಚೆಂಡು ಗಾಳಿಯಲ್ಲಿ ಅಷ್ಟು ಹೊತ್ತು ನಿಲ್ಲಲಾರದೆಂದು 1890ರ ದಶಕದಲ್ಲಿ ಆತನಿಗೆ ಹೊಳೆಯಿತು. ಚೆಂಡಿಗೆ ಉದ್ದನೆಯ ಪಟ್ಟಿಯೊಂದನ್ನು ಕಟ್ಟಿ, ಹೊಡೆಸಿ, ಅದರಲ್ಲಿ ಬಿದ್ದ ಮುರಿಗಳನ್ನು ಎಣಿಸಿ, ಚೆಂಡು ಎಷ್ಟು ಸಲ ತಿರುಗಿತೆಂದು ಲೆಕ್ಕಹಾಕಿದ. ದಾಂಡಿನ ಮುಖ ಓರೆಯಾಗಿರುವುದರಿಂದ, ಮುಂದಕ್ಕೆ ಹೋಗುವ ಬಂಡಿಯ ಚಕ್ರಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಚೆಂಡು ತಿರುಗುತ್ತ ಹೊರಡುತ್ತದೆ. ಹೀಗೆ ತಿರುಗುವ ಮೈ ತನ್ನ ಹಿಂದಿನ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಅದರ ಪ್ರತಿಕ್ರಿಯೆಯಾಗಿ ಚೆಂಡು ಮೇಲಕ್ಕೆ ಎತ್ತಲ್ಪಡುತ್ತದೆ. ಟೇಟನ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಹವ್ಯಾಸಿಗಳ ಚಾಂಪಿಯನ್ ಆಗಿದ್ದನೆಂಬುದು ಸ್ವಾರಸ್ಯದ ಸಂಗತಿ. 1905ರಲ್ಲಿ ವಿಲಿಯಂ ಟೇಲರ್ ಎಂಬ ಇಂಗ್ಲಿಷ್ ತಯಾರಕನು ಚೆಂಡಿನ ಮೈಗೆ ದುಂಡನೆಯ ಗುಳಿಗಳನ್ನು ಒತ್ತುವ ವಿಧಾನಕ್ಕೆ ಪೇಟೆಂಟು ಕೋರಿದ. ಇಂದಿನ ಚೆಂಡಿನ ಮೇಲೆ ಸಾಮಾನ್ಯವಾಗಿ 300ರಿಂದ 500 ಗುಳಿಗಳಿರುತ್ತವೆ.

ರಬ್ಬರಿನ ಯುಗ

ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ 1898ರಲ್ಲಿ ರಬ್ಬರಿನ ಎಳೆಯನ್ನು ಬಿಗಿಯಾಗಿ ಎಳೆದು ಸುತ್ತಿದ ಚೆಂಡನ್ನು ಕಲ್ಪಿಸಿದ. ಎಳೆದ ರಬ್ಬರಿನಲ್ಲಿ ಅಡಗಿದ ಶಕ್ತಿ ಏಟು ಬಿದ್ದೊಡನೆ ಮರಳಿ ಚಿಮ್ಮುತ್ತದೆ. 1902ರ ಓಪನ್ ಪಂದ್ಯದಲ್ಲಿ ಸ್ಯಾಂಡಿ ಹರ್ಡ್ ಈ ಚೆಂಡಿನಿಂದ ಆಡಿ, ಹಳೆಯ ಚೆಂಡನ್ನೇ ನೆಚ್ಚಿದ್ದ ಹ್ಯಾರಿ ವಾರ್ಡನ್‌ನನ್ನು ಒಂದೇ ಹೊಡೆತದಿಂದ ಸೋಲಿಸಿದ. ಗಟ್ಟಾಪರ್ಚಾದ ಕಾಲ ಅಲ್ಲಿಗೆ ಮುಗಿಯಿತು.

ಹೊಸ ಚೆಂಡು ಸಾಧಾರಣ ಆಟಗಾರನ ಕೈಯಲ್ಲಿಯೂ ದೂರ ಹಾರುತ್ತಿದ್ದುದರಿಂದ ಆಟಗಾರರ ಸಂಖ್ಯೆ ಬೆಳೆಯಿತು, ಕಾರಖಾನೆಗಳೂ ಬೆಳೆದುವು. ಕಾರಖಾನೆಗಳಿಗೆ ತಮ್ಮ ಸರಕನ್ನು ಹೊಗಳುವ ಹೆಸರಾಂತ ಆಟಗಾರರು ಬೇಕಾದರು. ವೃತ್ತಿ ಆಟಗಾರನಿಗೆ ಧಣಿಗಳ ದಯೆಯ ಹೊರಗೆ ಒಂದು ಆದಾಯ ಹುಟ್ಟಿತು. ಆದರೂ ಸಮಾಜದ ಕಟ್ಟಳೆಗಳು ಅಷ್ಟು ಸುಲಭವಾಗಿ ಸಡಿಲವಾಗಲಿಲ್ಲ. 1920ರಲ್ಲಿ ಇಂಗ್ಲೆಂಡಿನ ಡೀಲ್ ಮೈದಾನದಲ್ಲಿ ವೃತ್ತಿ ಆಟಗಾರರಿಗೆ ಕ್ಲಬ್ಬಿನ ಭವನದೊಳಕ್ಕೆ ಪ್ರವೇಶವಿರಲಿಲ್ಲ. ಅಮೆರಿಕದ ವಾಲ್ಟರ್ ಹೇಗನ್ ಬಾಡಿಗೆಯ ದೊಡ್ಡ ಮೋಟಾರನ್ನು ಭವನದ ಎದುರಿನಲ್ಲಿಯೇ ನಿಲ್ಲಿಸಿ, ಅದರೊಳಗೆ ಬಟ್ಟೆ ಬದಲಿಸಿ ಉತ್ತರ ಕೊಟ್ಟ. ಅಮೆರಿಕದ ವೃತ್ತಿ ಆಟಗಾರರ ಸಂಘವೇ 1961ರ ವರೆಗೆ ಬಿಳಿಯರಿಗಷ್ಟೇ ಸದಸ್ಯತ್ವವೆಂಬ ನಿಯಮವನ್ನು ಇಟ್ಟುಕೊಂಡಿದ್ದಿತು. ಚೆಂಡು ಎಲ್ಲ ಬಾಗಿಲುಗಳನ್ನೂ ತೆರೆಯಲಿಲ್ಲ; ಕೆಲವನ್ನು ಮನುಷ್ಯರೇ ತಳ್ಳಿ ತೆರೆಯಬೇಕಾಯಿತು.

ಬಲಕ್ಕೆ ಬಂದ ಬೆಲೆ

ಇಪ್ಪತ್ತನೆಯ ಶತಮಾನದ ಬಹುಪಾಲು ವೃತ್ತಿ ಆಟಗಾರರು ಬಳಸಿದುದು ಎಳೆ ಸುತ್ತಿದ, ಮೆತ್ತನೆಯ ಹೊದಿಕೆಯ ಚೆಂಡನ್ನೇ. ಅದು ತುಂಬ ತಿರುಗುತ್ತಿತ್ತು. ತಿರುಗುವ ಚೆಂಡು ಕುಳಿಯ ಸಮೀಪ ಬೇಗನೆ ನಿಲ್ಲುತ್ತದೆ, ನಿಜ. ಆದರೆ ಜೋರಾಗಿ ಹೊಡೆದಾಗ ಏಟು ಸ್ವಲ್ಪ ಓರೆಯಾದರೂ ಪಕ್ಕಕ್ಕೆ ಬಾಗಿ ಪೊದೆ ಸೇರುತ್ತದೆ. ಆದುದರಿಂದ ಪೂರ್ತಿ ಬಲ ಬಿಡದೆ ಹದವರಿತು ಹೊಡೆಯುವುದೇ ಜಾಣತನವಾಗಿದ್ದಿತು. 2000ದ ಅಕ್ಟೋಬರಿನಲ್ಲಿ ಗಟ್ಟಿ ತಿರುಳು ಮತ್ತು ತೆಳು ಯುರೆಥೇನ್ ಹೊದಿಕೆಯ ಪ್ರೊ ವಿ1 ಚೆಂಡು ಪಂದ್ಯಕ್ಕಿಳಿದಾಗ, ಮೊದಲ ವಾರದಲ್ಲಿಯೇ 47 ಆಟಗಾರರು ಅದಕ್ಕೆ ಬದಲಾದರು. ಬಿರುಸಿನ ಹೊಡೆತಕ್ಕೆ ಕಡಿಮೆ ತಿರುಗಿ ನೆಟ್ಟಗೆ ಹಾರುವ, ಮೆಲುವಾದ ಹೊಡೆತಕ್ಕೆ ಚೆನ್ನಾಗಿ ತಿರುಗಿ ನಿಲ್ಲುವ ಚೆಂಡದು. ಟೈಟಾನಿಯಂ ತಲೆಯ ದಾಂಡುಗಳೂ ಅದೇ ಕಾಲಕ್ಕೆ ಜೊತೆಗೂಡಿದುವು. ಜೋರಾಗಿ ಹೊಡೆಯುವುದಕ್ಕೆ ಇದ್ದ ದಂಡನೆ ತಗ್ಗಿತು. ಬಲಕ್ಕೆ ಬೆಲೆ ಬಂದಿತು. ವೃತ್ತಿ ಆಟಗಾರನು ವ್ಯಾಯಾಮಶಾಲೆಯನ್ನು ಹೊಕ್ಕು ಭಾರ ಎತ್ತತೊಡಗಿದ. ಅಮೆರಿಕದ ವೃತ್ತಿ ಪಂದ್ಯಗಳಲ್ಲಿ ಮೊದಲ ಹೊಡೆತದ ಸರಾಸರಿ ದೂರ 1980ರಲ್ಲಿ ಸುಮಾರು 257 ಗಜವಿದ್ದುದು 2023ರ ಹೊತ್ತಿಗೆ 300 ಗಜದ ಸಮೀಪಕ್ಕೆ ಏರಿದೆ.

ಆದರೆ ಭೂಮಿ ಹಿಗ್ಗುವುದಿಲ್ಲ. 1997ರಲ್ಲಿ ಟೈಗರ್ ವುಡ್ಸ್ ಗೆದ್ದಾಗ 6,925 ಗಜವಿದ್ದ ಅಮೆರಿಕದ ಆಗಸ್ಟಾ ಮೈದಾನವನ್ನು 2024ರ ಹೊತ್ತಿಗೆ 7,555 ಗಜಕ್ಕೆ ಬೆಳೆಸಲಾಯಿತು. ಸೇಂಟ್ ಆಂಡ್ರೂಸ್‌ನ ಹಳೆಯ ಮೈದಾನದ ಹದಿನೇಳನೆಯ ಕುಳಿಗೆ ಹೊಡೆಯುವ ಸ್ಥಳವನ್ನು 2010ರಲ್ಲಿ ಎಲ್ಲೆಯ ಆಚೆಗೇ ಸರಿಸಬೇಕಾಯಿತು. ಮೈದಾನ ಉದ್ದವಾದಷ್ಟೂ ನೆಲ ಹೆಚ್ಚು, ನೀರು ಹೆಚ್ಚು, ಹುಲ್ಲು ಕತ್ತರಿಸುವ ವೆಚ್ಚ ಹೆಚ್ಚು. 1876ರಲ್ಲಿ ಸ್ಥಾಪಿತವಾಗಿ ಇಂದು ನಗರದ ನಡುವೆ ಸಿಕ್ಕಿಕೊಂಡಿರುವ ಬೆಂಗಳೂರಿನ ಹಳೆಯ ಗಾಲ್ಫ್ ಮೈದಾನದಂತಹವು ಎತ್ತ ಸರಿಯಬೇಕು?

ಈ ಚಿಂತೆಯಿಂದಲೇ ಆಟದ ನಿಯಮಗಳನ್ನು ರೂಪಿಸುವ ಎರಡು ಸಂಸ್ಥೆಗಳು 2023ರ ಡಿಸೆಂಬರಿನಲ್ಲಿ ಚೆಂಡಿನ ಪರೀಕ್ಷೆಯನ್ನು ಬಿಗಿಗೊಳಿಸುವ ನಿರ್ಧಾರವನ್ನು ಪ್ರಕಟಿಸಿದುವು. ಯಂತ್ರದಿಂದ ಹೊಡೆದಾಗ ಚೆಂಡು 317 ಗಜಕ್ಕಿಂತ, ಹೆಚ್ಚೆಂದರೆ ಇನ್ನು 3 ಗಜಕ್ಕಿಂತ, ದೂರ ಹೋಗಬಾರದೆಂಬ ಮಿತಿ ಮೊದಲಿನದೇ. ಗಂಟೆಗೆ 120 ಮೈಲಿಯಿದ್ದ ದಾಂಡಿನ ವೇಗವನ್ನು ಮಾತ್ರ 125 ಮೈಲಿಗೆ ಏರಿಸುವುದೆಂದು ತೀರ್ಮಾನವಾಯಿತು. ಹೆಚ್ಚು ವೇಗಕ್ಕೂ ಅದೇ ಮಿತಿಯೆಂದರೆ, ಚೆಂಡು ಸ್ವಲ್ಪ ಮಂದವಾಗಲೇಬೇಕು. ಅತಿ ದೂರ ಹೊಡೆಯುವವರು 13ರಿಂದ 15 ಗಜ ಕಳೆದುಕೊಳ್ಳುವರೆಂದೂ, ಹವ್ಯಾಸಿಗಳಿಗೆ ಆಗುವ ನಷ್ಟ 5 ಗಜಕ್ಕೆ ಮೀರದೆಂದೂ ಆ ಸಂಸ್ಥೆಗಳ ಅಂದಾಜು. ಗರಿಯ ಚೆಂಡಿನ ರಾಬರ್ಟ್‌ಸನ್‌ನಂತೆ ಇಂದಿನ ತಯಾರಕರೂ ಆಟಗಾರರೂ ಹಲವರು ಇದಕ್ಕೆ ಗೊಣಗಿದರೆ ಆಶ್ಚರ್ಯವಿಲ್ಲ. ಅವರವರ ಅನ್ನ ಅವರವರ ಚೆಂಡಿನಲ್ಲಿದೆ.

ಬಲವೊಂದೇ ಆಟವಲ್ಲವೆಂಬುದಕ್ಕೆ ನಮ್ಮವರೇ ಒಬ್ಬರು ಸಾಕ್ಷಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಮೊದಲ ಹೊಡೆತದ ದೂರದಲ್ಲಿ ಬಹುತೇಕ ಎದುರಾಳಿಗಳಿಗಿಂತ ಹಿಂದೆ ಇದ್ದರು. ಆದರೂ ಕುಳಿಯ ಸಮೀಪದ ಮೆಲು ಹೊಡೆತಗಳ ನಿಖರತೆಯಿಂದ ನಾಲ್ಕನೆಯ ಸ್ಥಾನಕ್ಕೆ ಬಂದರು. ಬೆಳ್ಳಿ ಕಂಚುಗಳಿಗಾಗಿ ಸೆಣಸಿದ ಇಬ್ಬರಿಗೂ ಅವರಿಗೂ ಇದ್ದ ಅಂತರ ಒಂದೇ ಹೊಡೆತ. ಮುನ್ನೂರು ಗಜದ ಏಟಿಗೂ ಮೂರು ಅಡಿಯ ತಟ್ಟಿಗೂ ಲೆಕ್ಕದಲ್ಲಿ ಒಂದೇ ಬೆಲೆ. ಚೆಂಡು ಗರಿಯದಾಗಿದ್ದಾಗಲೂ ಇದ್ದ ಈ ನಿಯಮವನ್ನು ಯಾವ ಕಾರಖಾನೆಯೂ ಇದುವರೆಗೆ ಬದಲಾಯಿಸಿಲ್ಲ.